ಹುಬ್ಬಿನವಳ ಪರವಾಗಿ

ಮಿಲ್ಲಕ್ಕನ ಪ್ರಕಾರ ಟಿವಿಯಲ್ಲಿ ಅಳುವವರೆಲ್ಲ ಸೋಮಾರಿಗಳು. ಇದು ಬಾಯಿಗೆ ಬಂದಂತೆ ಆಡಿದ ಮಾತಲ್ಲ. ಆರು ವರ್ಷ ಒಂದೇ ಧಾರಾವಾಹಿಯನ್ನು ನಿಂತುಕೊಂಡು ನೋಡಿ ಅವಳು ಬಂದ ತೀರ್ಮಾನ. ನಿಂತುಕೊಂಡು ಎಂಬ ಮಾತಿಗೆ ಅವಳ ಮಟ್ಟಿಗೆ ಬಹಳ ತೂಕವಿತ್ತು. ಕಾಲು ಚಾಚಿ ಕೂತು ನೋಡುವವರ ಅಭಿಪ್ರಾಯವೇ ಬೇರೆ, ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು ನೋಡುವವರ ಅಭಿಪ್ರಾಯವೇ ಬೇರೆ ಎಂದು ಅವಳು ಯಾರ ಮುಂದೆ ಬೇಕಾದರೂ ವಾದಿಸಲು ಸಿದ್ಧಳಿದ್ದಳು. ವಾದಿಸಿ ಗೆಲ್ಲುತ್ತಲೂ ಇದ್ದಳು, ಏಕೆಂದರೆ ಅವಳ ಗಂಟಲಿನ ಎದುರು ಸೊಲ್ಲೆತ್ತುವ ಧೈರ್ಯ ಆ ಲಾಂಡ್ರಿಯಲ್ಲಿ ಬಾಯ್ಲರಿಗೆ ಮಾತ್ರ ಇತ್ತು.

ಲಾಂಡ್ರಿ ಎಂದರೆ ಮೂಲೆಯ ಪುಟ್ಟ ಅಂಗಡಿಯಲ್ಲ. ಆಸ್ಪತ್ರೆಗಳ ಹೊದಿಕೆ, ಹೋಟೆಲುಗಳ ಚಾದರ, ಕಚೇರಿಗೆ ಹೋಗುವವರ ಅಂಗಿ ಎಲ್ಲ ಮೂಟೆ ಕಟ್ಟಿಕೊಂಡು ಬಂದು ಬೀಳುವ ಎರಡು ಅಂತಸ್ತಿನ ಕಟ್ಟಡ. ಕೆಳಗೆ ಒಗೆಯುವ ಯಂತ್ರಗಳು, ಮೇಲೆ ಇಸ್ತ್ರಿಯ ಕೋಣೆ. ಮೇಲಿನ ಕೋಣೆಯಲ್ಲಿ ಎಂಟು ಮೇಜು, ಒಂದು ಕಿಟಕಿ, ಬೇಡವೆಂದರೂ ಮುಖಕ್ಕೆ ಬಂದು ಬಡಿಯುವ ಹಬೆ. ಯಂತ್ರಗಳು ತಿರುಗತೊಡಗಿದರೆ ನೆಲ ನಡುಗುತ್ತಿತ್ತು, ಮೇಜಿನ ಮೇಲಿಟ್ಟ ನೀರಿನ ಲೋಟ ತಾನಾಗಿಯೇ ಅಂಚಿನ ಕಡೆಗೆ ಸರಿಯುತ್ತಿತ್ತು.

ಮಾಲೀಕರು ತಮ್ಮ ಮನೆಗೆ ಹೊಸ ಟಿವಿ ತಂದಾಗ ಹಳೆಯದನ್ನು ಎಸೆಯಲು ಮನಸ್ಸಾಗದೆ ಈ ಕೋಣೆಯ ಗೋಡೆಯ ಮೇಲಕ್ಕೆ ಏರಿಸಿದ್ದರು. ದಾನವೆಂದರೆ ದಾನ. ಆದರೆ ಅದರ ಶಬ್ದವನ್ನು ಎಷ್ಟೇ ಏರಿಸಿದರೂ ಯಂತ್ರಗಳ ಗದ್ದಲದಲ್ಲಿ ಡಬ್ಬದೊಳಗೆ ಸಿಕ್ಕಿದ ದುಂಬಿಯ ಹಾಗೆ ಗುಂಯ್ ಎನ್ನುತ್ತಿತ್ತೇ ಹೊರತು ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಆ ಗುಂಯ್ ಕೂಡ ಬೇಡವೆಂದು ಶಬ್ದ ಆರಿಸಿದರು. ಮಧ್ಯಾಹ್ನ ಮೂರು ಗಂಟೆಗೆ ಧಾರಾವಾಹಿ ಬರುತ್ತಿತ್ತು. ಹೆಂಗಸರು ಅದನ್ನು ಮೂಕಚಿತ್ರದಂತೆ ನೋಡುತ್ತ, ಯಾರು ಯಾರಿಗೆ ಏನಾಗಬೇಕು ಎಂದು ಜಗಳವಾಡುತ್ತ ಅಂಗಿ ತೀಡುತ್ತಿದ್ದರು.

ಮಿಲ್ಲಕ್ಕ ಸೇರಿದ್ದು ಆಗ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಅವಳು ಬಟ್ಟೆ ನೇಯುವ ಮಿಲ್ಲಿನಲ್ಲಿದ್ದಳು. ಮಗ್ಗಗಳ ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಎರಡು ವಿದ್ಯೆ ತಾನಾಗಿಯೇ ಬರುತ್ತವೆ. ಎದುರಿನವರ ತುಟಿ ನೋಡಿ ಮಾತು ತಿಳಿಯುವುದು ಒಂದು, ಸದ್ದನ್ನು ಸೀಳಿಕೊಂಡು ಹೋಗುವ ಹಾಗೆ ಮಾತಾಡುವುದು ಇನ್ನೊಂದು. ಮಿಲ್ಲು ಮುಚ್ಚಿ ಗೇಟಿಗೆ ಬೀಗ ಬಿದ್ದ ದಿನ ಅವಳು ಹೊರಗೆ ತಂದದ್ದು ಇವೆರಡನ್ನೇ. ಲಾಂಡ್ರಿಗೆ ಬಂದ ಮೂರನೆಯ ದಿನ ಹೆಂಗಸರ ಜಗಳ ಕೇಳಿ ಕೇಳಿ ಸಾಕಾಗಿ, ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ, "ಅವಳು ಅವನ ತಾಯಿ ಅಲ್ಲ ಕಣ್ರೇ, ಚಿಕ್ಕಮ್ಮ. ಈಗ ತಾನೇ ಹೇಳಿದಳು," ಎಂದಳು. "ನಿಂಗೆ ಹೆಂಗೆ ಗೊತ್ತು?" ಎಂದು ಯಾರೋ ಕೇಳಿದರು. "ಬಾಯಿ ಕಾಣಿಸ್ತಿದೆಯಲ್ಲ," ಎಂದಳು.

ಅವತ್ತಿನಿಂದ ಆ ಕೋಣೆಗೆ ಅವಳೇ ಟಿವಿಯ ಬಾಯಿ.

ಹೆಸರುಗಳು ಬೇಕಿರಲಿಲ್ಲ. ಧಾರಾವಾಹಿಯನ್ನು ಎಲ್ಲರೂ 'ಮೂರು ಗಂಟೆಯದು' ಎನ್ನುತ್ತಿದ್ದರು. ಅದರಲ್ಲಿದ್ದವರಿಗೆ ಮಿಲ್ಲಕ್ಕನೇ ನಾಮಕರಣ ಮಾಡಿದ್ದಳು. ಸದಾ ಕಣ್ಣೊರೆಸಿಕೊಳ್ಳುವ ಕಿರಿಯ ಸೊಸೆ 'ಕಣ್ಣೀರಿನ ಕೊಡ'. ಅವಳ ಗಂಡ, ಕಥಾನಾಯಕ, 'ಬಾಗಿಲು', ಏಕೆಂದರೆ ಮನೆಯಲ್ಲಿ ಎಂಥ ಅನಾಹುತ ನಡೆದರೂ ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದನೇ ಹೊರತು ಒಳಗೆ ಹೆಜ್ಜೆ ಇಡುತ್ತಿರಲಿಲ್ಲ. ಮನೆಯ ಬಟ್ಟೆ ಅಂಗಡಿ ನಡೆಸುವ ಹಿರಿಯ ಸೊಸೆಗೆ ಎಡಗಡೆಯ ಹುಬ್ಬನ್ನು ಮೇಲಕ್ಕೆ ಎತ್ತುವ ಅಭ್ಯಾಸವಿತ್ತು. ಅವಳು 'ಹುಬ್ಬಿನವಳು'.

ಮಿಲ್ಲಕ್ಕ ಮೊದಲ ವಾರದಿಂದಲೇ ಹುಬ್ಬಿನವಳ ಪಕ್ಷ. ಅವಳ ಕಾರಣಗಳು ಸರಳವಾಗಿದ್ದವು. ಆ ಮನೆಯಲ್ಲಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವಳು ಅವಳೊಬ್ಬಳೇ. ಉಳಿದವರು ರೇಷ್ಮೆ ಉಟ್ಟು ಮೆಟ್ಟಿಲ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಾಗಿಲಿನ ಕೈಯಲ್ಲಿ ಆರು ವರ್ಷದಲ್ಲಿ ಒಂದು ಕಡ್ಡಿ ಅಲ್ಲಾಡಿದ್ದನ್ನು ಯಾರೂ ಕಂಡಿಲ್ಲ. ಕಣ್ಣೀರಿನ ಕೊಡ ಅತ್ತು ಅತ್ತು ಎಲ್ಲರಿಂದ ಒಳ್ಳೆಯವಳು ಅನ್ನಿಸಿಕೊಂಡಿದ್ದಾಳೆ. "ಅಳೋಕೆ ಅಷ್ಟು ಪುರುಸೊತ್ತು ಯಾರಿಗಿರತ್ತೆ ಹೇಳಿ? ನಂಗೆ ಅಳು ಬಂದಾಗೆಲ್ಲ ಒಂದು ಕೈಲಿ ಕುಕ್ಕರ್ ಇರತ್ತೆ, ಇನ್ನೊಂದು ಕೈಲಿ ಪೊರಕೆ," ಎನ್ನುತ್ತಿದ್ದಳು. ಆ ಕಥೆ ಬರೆಯುವವನು ಬೆಳಿಗ್ಗೆ ತನ್ನ ಹಾಸಿಗೆ ತಾನು ಮಡಚದವನು ಎಂಬುದೂ ಅವಳ ಖಚಿತ ಅಭಿಪ್ರಾಯವಾಗಿತ್ತು.

ಈಗ ಒಂದು ವಿಷಯ ಬಿಚ್ಚಿ ಹೇಳಲೇಬೇಕು. ತುಟಿ ಕಂಡರೆ ಮಾತು ಓದಬಹುದು. ಆದರೆ ಧಾರಾವಾಹಿಯ ಜನ ಮಾತಾಡುವಾಗ ಕಿಟಕಿಯ ಕಡೆ ತಿರುಗುತ್ತಾರೆ. ಮುಖ್ಯವಾದ ಮಾತು ಬಂತೆಂದರೆ ಬೆನ್ನು ಹಾಕಿ ನಿಲ್ಲುತ್ತಾರೆ. ಕ್ಯಾಮೆರಾ ಮಾತಾಡುವವರನ್ನು ಬಿಟ್ಟು ಕೇಳುವವರ ಮುಖದ ಮೇಲೆ ಮೂರು ಸಲ ಎರಗುತ್ತದೆ. ಹೀಗಾಗಿ ಅರ್ಧಕ್ಕರ್ಧ ಮಾತು ಮಿಲ್ಲಕ್ಕನಿಗೆ ಕಾಣುತ್ತಲೇ ಇರಲಿಲ್ಲ. ಏಳು ಜೊತೆ ಕಿವಿಗಳು ಕಾಯುತ್ತಿರುವಾಗ 'ಕಾಣಿಸಲಿಲ್ಲ' ಎನ್ನಲು ಅವಳ ನಾಲಿಗೆ ಏಳುತ್ತಿರಲಿಲ್ಲ. ಬೆನ್ನನ್ನು ನೋಡಿ ಆ ಬೆನ್ನಿನವಳು ಏನು ಹೇಳಬೇಕೋ ಅದನ್ನು ಹೇಳಿಬಿಡುತ್ತಿದ್ದಳು. ಮೊದಮೊದಲು ಒಂದೆರಡು ಮಾತು. ಆಮೇಲಾಮೇಲೆ ಪೂರಾ ಜಗಳಗಳು. ಒಂದು ವರ್ಷ ಕಳೆಯುವುದರೊಳಗೆ, ಎದುರಿಗೆ ಕಾಣುವ ತುಟಿ ಆಡಿದ ಮಾತು ಅವಳಿಗೆ ಒಪ್ಪಿಗೆಯಾಗದಿದ್ದರೆ ಅದನ್ನೂ ಸ್ವಲ್ಪ ತಿದ್ದತೊಡಗಿದಳು. ಕೊಳಕಾದ ಕಾಲರನ್ನು ಉಜ್ಜದೆ ಬಿಡುವುದು ಹೇಗೆ?

ಸಂಗೀತವೂ ಅವಳದೇ. ದುಃಖದ ದೃಶ್ಯಕ್ಕೆ ಪಿಟೀಲು ಕುಯ್ಯುವುದನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಕಷ್ಟ ಬಂದ ಮನೆಯಲ್ಲಿ ಪಿಟೀಲು ಕೇಳಿಸುವುದಿಲ್ಲ, ಪಾತ್ರೆ ಉಜ್ಜುವ ಸದ್ದು ಕೇಳಿಸುತ್ತದೆ ಎಂಬುದು ಅವಳ ವಾದ. ಅವಳು ಹಾಡುತ್ತಿದ್ದದ್ದು ಮಿಲ್ಲಿನ ಹೆಂಗಸರು ಮಗ್ಗದ ತಾಳಕ್ಕೆ ಕಟ್ಟಿಕೊಂಡಿದ್ದ ಹಾಡುಗಳನ್ನು. ಅವಕ್ಕೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಒಂದರಲ್ಲಿ ಮೇಸ್ತ್ರಿಯ ಬೋಳುತಲೆಯ ವರ್ಣನೆ, ಇನ್ನೊಂದರಲ್ಲಿ ಕೆಟ್ಟುನಿಂತ ಗಡಿಯಾರದ ಗೋಳು. ಆದರೆ ತಾಳ ಮಾತ್ರ ಎಳ್ಳಷ್ಟೂ ತಪ್ಪುತ್ತಿರಲಿಲ್ಲ. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ಅವಳಲ್ಲಿ ಒಂದೇ ಅಳತೆಗೋಲು: ಒಂದು ಹಾಡಿಗೆ ಒಂದು ಅಂಗಿ ಮುಗಿಯಬೇಕು. ಕಾಲರಿನಲ್ಲಿ ಎತ್ತಿಕೊಂಡು ಕೊನೆಯ ತೋಳಿನಲ್ಲಿ ಇಳಿಸಬೇಕು. ಮುಗಿಯದಿದ್ದರೆ ಅದು ಸೋಮಾರಿ ಹಾಡು. ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಅವಳ ಗಂಡ ರೇಡಿಯೋದಲ್ಲಿ ನಿಧಾನದ ಆಲಾಪ ಹಾಕಿ ಕಣ್ಣು ಮುಚ್ಚಿ ಕೂತರೆ, "ಇದು ಮುಗಿಯೋ ಹೊತ್ತಿಗೆ ಒಂದು ಮದುವೆಮನೆ ಬಟ್ಟೆ ತೀಡಬಹುದು," ಎಂದು ಮೂಗು ಮುರಿಯುತ್ತಿದ್ದಳು. ಅವನು ಕಣ್ಣು ತೆರೆಯದೆಯೇ, "ತೀಡು, ಯಾರು ಬೇಡ ಅಂದ್ರು," ಎನ್ನುತ್ತಿದ್ದ.

ಆಗಿನ್ನೂ ಫೋನಿನಲ್ಲಿ ಧಾರಾವಾಹಿ ನೋಡುವ ಕಾಲ ಬಂದಿರಲಿಲ್ಲ. ವಾರದಲ್ಲಿ ಆರು ದಿನ ಮೂರು ಗಂಟೆಗೆ ಎಲ್ಲರೂ ಲಾಂಡ್ರಿಯಲ್ಲೇ. ರಜೆಯ ದಿನ ಅದು ಬರುತ್ತಿರಲಿಲ್ಲ. ಒಮ್ಮೆ ಜ್ವರ ಬಂದು ಮನೆಯಲ್ಲಿದ್ದವಳೊಬ್ಬಳು ಶಬ್ದ ಸಮೇತ ನೋಡಿ ಬಂದು, "ಯಾಕೋ ಬೇರೆ ತರಾನೇ ಇತ್ತಪ್ಪ," ಎಂದಳು. "ನೂರಮೂರು ಡಿಗ್ರೀಲಿ ನೋಡಿದ್ರೆ ಇನ್ನೇನಾಗತ್ತೆ?" ಎಂದು ಎಲ್ಲರೂ ಸೇರಿ ಅವಳ ಬಾಯಿ ಮುಚ್ಚಿಸಿದರು.

ಹೀಗೆ ಆ ಕೋಣೆಯಲ್ಲಿ ಆರು ವರ್ಷ ಓಡಿದ ಧಾರಾವಾಹಿ ಇನ್ನೆಲ್ಲೂ ಓಡಿದ್ದಲ್ಲ.

ಇದೆಲ್ಲ ಬರೀ ತಮಾಷೆಯಾಗಿ ಉಳಿಯುತ್ತಿತ್ತೋ ಏನೋ, ಎಲ್ಲರೂ ಗುಂಡಿ ಎಂದು ಕರೆಯುವ ಹುಡುಗಿ ಇಲ್ಲದಿದ್ದರೆ. ಉದುರಿಹೋದ ಗುಂಡಿಗಳನ್ನು ಹೊಲಿಯುವವಳು ಅವಳು. ಕಿಟಕಿಯ ಕೆಳಗಿನ ಸ್ಟೂಲು ಅವಳ ಜಾಗ, ಕೊರಳಲ್ಲಿ ದಾರಕ್ಕೆ ಕಟ್ಟಿಕೊಂಡ ಪುಟ್ಟ ಕತ್ತರಿ, ತುಟಿಗಳ ನಡುವೆ ಸೂಜಿ. ಸೂಜಿ ಕಚ್ಚಿಕೊಂಡವಳು ಮಾತಾಡುವುದು ಹೇಗೆ? ಇಡೀ ದಿನದಲ್ಲಿ ಅವಳ ಬಾಯಿಂದ ಹತ್ತು ಮಾತು ಬಂದರೆ ಹೆಚ್ಚು. ಮೂರು ವರ್ಷದ ಹಿಂದೆ ಅವಳ ಮನೆಯಲ್ಲಿ ಒಂದು ತೀರ್ಮಾನವಾಯಿತು. ಭಾವನ ಮಕ್ಕಳನ್ನು ನೋಡಿಕೊಳ್ಳಲು ಜನವಿಲ್ಲ, ಇವಳು ಕೆಲಸ ಬಿಟ್ಟು ಮನೆಯಲ್ಲಿರಲಿ. ತೀರ್ಮಾನ ಮಾಡಿದವರು ಐದು ಜನ, ಅವರಲ್ಲಿ ಇವಳು ಇರಲಿಲ್ಲ. ಗುಂಡಿಗೆ ಕೆಲಸ ಬಿಡಲು ಸುತರಾಂ ಇಷ್ಟವಿರಲಿಲ್ಲ. ಆ ಸ್ಟೂಲು, ಆ ಕಿಟಕಿ, ಬಣ್ಣಬಣ್ಣದ ಗುಂಡಿಗಳ ಆ ಡಬ್ಬ ಬಿಟ್ಟರೆ ಪ್ರಪಂಚದಲ್ಲಿ ತನ್ನದು ಅನ್ನುವಂಥದ್ದು ಅವಳಿಗೆ ಬೇರೆ ಏನೂ ಇರಲಿಲ್ಲ.

ಅದೇ ವಾರ ಮೂರು ಗಂಟೆಯದರಲ್ಲಿ ಹುಬ್ಬಿನವಳಿಂದ ಅಂಗಡಿಯ ಕೀಲಿ ಕೇಳಿದರು. ಮನೆಯವರೆಲ್ಲ ಸಾಲಾಗಿ ನಿಂತಿದ್ದರು, ಬಾಗಿಲು ಬಾಗಿಲಲ್ಲೇ ಇದ್ದ. ಹುಬ್ಬಿನವಳು ಎಲ್ಲರ ಕಡೆ ಒಂದು ಸುತ್ತು ನೋಡಿ, ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು, ಎಂದಿನಂತೆ ಬೆನ್ನು ತಿರುಗಿಸಿ ಮಾತಾಡಿದಳು. ಮಿಲ್ಲಕ್ಕ ಓರೆಗಣ್ಣಿನಿಂದ ಗುಂಡಿಯನ್ನು ನೋಡಿದಳು. ಗುಂಡಿಯ ಕೈ ನಿಂತಿತ್ತು. ಮಿಲ್ಲಕ್ಕ ಗಂಟಲು ಸರಿಮಾಡಿಕೊಂಡು ಹುಬ್ಬಿನವಳ ಮಾತು ಹೇಳಿದಳು: "ಕೀಲಿ ಬೇಕಾದವರು ಬಂದು ತಗೊಳ್ಳಿ, ನಾನು ಬಚ್ಚಿಟ್ಟಿಲ್ಲ. ಆದರೆ ನಾಳೆ ಬೆಳಿಗ್ಗೆ ಅಂಗಡಿ ತೆಗೆಯೋರು ಯಾರು, ಅದನ್ನ ಈಗಲೇ ಹೇಳಿ. ಹೇಳೋಕಾಗಲ್ವಾ? ಹಾಗಾದ್ರೆ ದಾರಿ ಬಿಡಿ."

ಮಾರನೆಯ ದಿನ ಗುಂಡಿ ಕೆಲಸಕ್ಕೆ ಬಂದಳು. ಅದರ ಮಾರನೆಯ ದಿನವೂ ಬಂದಳು. ಮನೆಯಲ್ಲಿ ತಾನು ಆ ಮಾತನ್ನೇ ಹೇಳಿದೆ, ಅಂಗಡಿ ಅನ್ನುವ ಕಡೆ ಕೆಲಸ ಅಂದೆ, ಅಷ್ಟೇ ವ್ಯತ್ಯಾಸ ಎಂದು ವಾರದ ಮೇಲೆ ಸೂಜಿ ತೆಗೆದು ಮಿಲ್ಲಕ್ಕನಿಗೆ ಹೇಳಿದಳು. ಮಿಲ್ಲಕ್ಕ ಆ ದಿನ ಹಾಡಿದ ಹಾಡಿಗೆ ಎಂಟೂ ಮೇಜುಗಳಲ್ಲಿ ಅಂಗಿಗಳು ಹಾರಿಹೋದವು.

ಆರನೆಯ ವರ್ಷ ಹೊಸ ಸೂಪರ್‌ವೈಸರ್ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತಕ್ಕೆ ಯಾರನ್ನೂ ಬೈಯಲು ಬರುವುದಿಲ್ಲ. "ಪಾಪ, ಆರು ವರ್ಷದಿಂದ ಶಬ್ದ ಇಲ್ಲದೆ ನೋಡ್ತಿದೀರಾ?" ಎಂದು ಮರುಗಿ, ಒಂದು ವಾರದಲ್ಲಿ ಪ್ರತಿ ಮೇಜಿನ ತಲೆಯ ಮೇಲೂ ಒಂದೊಂದು ಸ್ಪೀಕರ್ ಕೂರಿಸಿದರು. ಅದೂ ಎಂಥ ಹೊತ್ತಿನಲ್ಲಿ? ಮೂರು ಗಂಟೆಯದು ಮುಗಿಯಲು ಒಂದೇ ವಾರ ಉಳಿದಿತ್ತು.

ಮೊದಲ ದಿನ ಹೆಂಗಸರು ಹುರುಪಿನಲ್ಲಿದ್ದರು. ಶೀರ್ಷಿಕೆ ಗೀತೆ ಬಂತು. ಯಾರೋ ಒಬ್ಬಾತ ಮೂಗಿನಲ್ಲಿ ತ್ಯಾಗ, ತ್ಯಾಗ ಎಂದು ಎಳೆದ. ಅದಾದ ಮೇಲೆ ಹುಬ್ಬಿನವಳು ಕಾಣಿಸಿಕೊಂಡಳು, ಕಾಣಿಸಿಕೊಂಡ ಕೂಡಲೇ ಢಣ್ ಢಣ್ ಢಣ್ ಎಂದು ಗುಡುಗು ಬಡಿಯಿತು. ಅವಳ ಧ್ವನಿ ತೆಳ್ಳಗೆ, ಕೀಚಲಾಗಿತ್ತು. ಆರು ವರ್ಷ ಮಿಲ್ಲಕ್ಕನ ಎದೆಯ ದನಿಯಲ್ಲಿ ಮಾತಾಡಿದವಳು ಈಗ ಬೆಕ್ಕಿನ ಹಾಗೆ ಮಾತಾಡಿದರೆ ಯಾರಿಗೆ ತಾನೇ ಸಹಿಸಲು ಸಾಧ್ಯ? ಹೆಂಗಸರು ಮುಖ ಮುಖ ನೋಡಿಕೊಂಡರು. ಹುಬ್ಬಿನವಳು ಕಣ್ಣೀರಿನ ಕೊಡಕ್ಕೆ ಹಾಲಿನಲ್ಲಿ ಏನನ್ನೋ ಬೆರೆಸುವ ಮಾತಾಡಿದಳು.

"ಇದೇನಮ್ಮ?" ಎಂದಳು ಚಾದರದಜ್ಜಿ. ಹೋಟೆಲಿನ ದೊಡ್ಡ ಚಾದರಗಳನ್ನು ತೀಡುತ್ತಿದ್ದ ಅವಳು ಕೋಣೆಗೆಲ್ಲ ಹಿರಿಯಳು. "ಔಷಧಿ ಬೆರೆಸೋದಲ್ವಾ ಅವಳು? ಅವತ್ತು ಆ ಹುಡುಗಿಗೆ ಕೆಮ್ಮು ಅಂತ ಇವಳೇ ಔಷಧಿ ಕೊಟ್ಟಿದ್ದಳಲ್ಲ?"

ಮಿಲ್ಲಕ್ಕ ಕಾಲರ್ ತೀಡುತ್ತಿದ್ದಳು.

ಎರಡನೆಯ ದಿನ ಬಾಗಿಲು ಯಾವುದೋ ಕಾಯಿಲೆಯಿಂದ ಎದ್ದು ತನ್ನ ಹೆಂಡತಿಯ ತ್ಯಾಗಗಳನ್ನು ನೆನಪಿಸಿಕೊಂಡ. ಮೂರನೆಯ ದಿನ, ಮುಗಿಯುವ ಮುಂಚೆ ಎಲ್ಲ ಧಾರಾವಾಹಿಗಳೂ ಮಾಡುವಂತೆ, ಹಳೆಯ ದೃಶ್ಯಗಳನ್ನು ಒಂದೊಂದಾಗಿ ತೋರಿಸತೊಡಗಿದರು. ಅದರಲ್ಲಿ ಕೀಲಿಯ ದೃಶ್ಯವೂ ಬಂತು. ಅದೇ ಸಾಲು, ಅದೇ ಮುಷ್ಟಿ, ಅದೇ ಬೆನ್ನು. ಎಂಟು ಸ್ಪೀಕರ್‌ಗಳಿಂದ ಒಟ್ಟಿಗೆ ಆ ಕೀಚಲು ದನಿ ಹೇಳಿತು: "ಈ ಕೀಲಿಯಿಂದಲೇ ಈ ಮನೆಯನ್ನು ಬೀದಿಗೆ ತರುತ್ತೇನೆ, ನೋಡುತ್ತಾ ಇರಿ." ಢಣ್ ಢಣ್ ಢಣ್.

ಮಿಲ್ಲಕ್ಕ ಎಲ್ಲರನ್ನೂ ಬಿಟ್ಟು ಕಿಟಕಿಯ ಕಡೆ ನೋಡಿದಳು. ಗುಂಡಿ ತಲೆ ಬಗ್ಗಿಸಿ ಒಂದು ಬಿಳಿ ಗುಂಡಿಯ ಸುತ್ತ ದಾರ ಸುತ್ತುತ್ತಿದ್ದಳು. ಅವಳ ತುಟಿ ಸೂಜಿಯ ಮೇಲೆ ಬಿಗಿದಿತ್ತು. ಅಲುಗದ ತುಟಿಯನ್ನು ಓದುವ ವಿದ್ಯೆ ಮಿಲ್ಲಕ್ಕನಿಗೂ ಬರುತ್ತಿರಲಿಲ್ಲ.

"ಹಾಗಾದ್ರೆ ನೀನು ಆರು ವರ್ಷ ನಮಗೆ ಸುಳ್ಳು ಹೇಳಿದೆ," ಎಂದಳು ಚಾದರದಜ್ಜಿ.

"ಹೂಂ, ಹೇಳಿದೆ," ಎಂದಳು ಮಿಲ್ಲಕ್ಕ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕೆ ನಿಲ್ಲಿಸಿ ಸೊಂಟದ ಮೇಲೆ ಕೈ ಇಟ್ಟಳು. "ಅವರು ಹೇಳ್ತಿರೋದು ಏನು ನಿಜವಾ? ಅದನ್ನೂ ಯಾರೋ ಕೂತ್ಕೊಂಡು ಬರೆದದ್ದೇ. ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಹೋಗಿ ಅಂಗಡಿ ತೆಗೀತಾಳೆ, ಲೋಡು ಇಳಿಸ್ತಾಳೆ, ಗಿರಾಕಿಗಳ ಹತ್ರ ಬೈಸ್ಕೊತಾಳೆ. ಅವಳನ್ನ ಕೆಟ್ಟವಳು ಅಂತ ಬರೆದವನು ಅವನು. ನಾನು ನಿಂತ್ಕೊಂಡು ನೋಡಿದೆ, ನಂಗೆ ಹಾಗೆ ಕಾಣಿಸಲಿಲ್ಲ. ಹಾಗೆ ಕಾಣಿಸದೇ ಇದ್ದದ್ದನ್ನ ಹಾಗೆ ಅಂತ ಹೇಳೋಕೆ ನಾನು ಅವನ ಮನೆ ಆಳಾ?"

"ಮಾತು ತಿರುಗಿಸಬೇಡ. ಈ ಹುಡುಗಿ ನಿನ್ನ ಮಾತು ನಂಬಿ ಮನೇಲಿ ಎದುರು ನಿಂತಳು. ಈಗ ಅವರ ಮನೇಲಿ ಮತ್ತೆ ಅದೇ ಶುರುವಾಗಿದೆ. ಈ ಸಲ ಓರಗಿತ್ತಿಗೆ ಅವಳಿ ಮಕ್ಕಳು. ಶನಿವಾರ ಸಂಜೆ ಹೋಗಿ ಕೆಲಸ ಬಿಟ್ಟೆ ಅಂತ ಹೇಳಬೇಕಂತೆ ಇವಳು. ಈಗ ಯಾರ ಮಾತು ಇಟ್ಕೊಂಡು ನಿಲ್ತಾಳೆ? ಆ ವಿಷದವಳ ಮಾತಾ?"

ಶನಿವಾರ ಎಂದರೆ ಮೂರು ಗಂಟೆಯದರ ಕೊನೆಯ ದಿನ. ಮಿಲ್ಲಕ್ಕನಿಗೆ ಅವಳಿ ಮಕ್ಕಳ ವಿಷಯ ಗೊತ್ತಿರಲಿಲ್ಲ. ಅವಳ ಕೈ ಸೊಂಟದಿಂದ ಕೆಳಗೆ ಬಂತು. ಗುಂಡಿ ತಲೆ ಎತ್ತಲಿಲ್ಲ.

ಆ ದಿನ ಕೆಲಸ ಬಿಟ್ಟಾಗ ಮಿಲ್ಲಕ್ಕ ಮೆಟ್ಟಿಲ ಹತ್ತಿರ ಗುಂಡಿಯನ್ನು ತಡೆದಳು. ತಪ್ಪಾಯಿತು ಎನ್ನಬೇಕೆಂದೇ ಬಂದಿದ್ದಳು. ಆದರೆ ತಪ್ಪಾಗಿದೆ ಎಂದು ಅನ್ನಿಸದಿದ್ದರೆ ಆ ಮಾತು ಬರುವುದಾದರೂ ಎಲ್ಲಿಂದ? "ಅವತ್ತು ಅವಳು ಬೆನ್ನು ತಿರುಗಿಸಿದ್ದಳು," ಎಂದಳು. "ಅವಳ ಬೆನ್ನು ನೋಡಿ ಹೇಳಲಿಲ್ಲ ನಾನು. ನಿನ್ನ ಮುಖ ನೋಡಿ ಹೇಳಿದೆ." ಗುಂಡಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವಳ ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಮುಕ್ಕಾಲು ಗಂಟೆ ಕಾಯಬೇಕು. ಓಡಿದಳು.

ಮನೆಯಲ್ಲಿ ಮಿಲ್ಲಕ್ಕ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ ಒಂದು ಕೈಗಡಿಯಾರದ ಹೊಟ್ಟೆಯೊಳಗೆ ಇಣುಕುತ್ತಿದ್ದ. "ಒಂದು ಮಾತು ಕೇಳ್ತೀನಿ," ಎಂದ. "ಆ ಹುಡುಗಿ ಇವತ್ತಿಗೂ ಕೆಲಸಕ್ಕೆ ಬರ್ತಿದಾಳೆ ತಾನೇ?"

"ಶನಿವಾರದ ತನಕ."

"ಮೂರು ವರ್ಷ ಬಂದಳಲ್ಲ. ನೀನು ಹೇಳಿದ್ದು ಓಡಿತು ಅಂತಾಯ್ತು," ಎಂದ ಅವನು. ಓಡುವುದೊಂದೇ ಅವನಿಗೆ ಮುಖ್ಯ. ಮಿಲ್ಲಕ್ಕನಿಗೆ ಸಮಾಧಾನವಾಗಲಿಲ್ಲ. ಕಿಟಕಿಯ ಕೆಳಗಿನ ಖಾಲಿ ಸ್ಟೂಲೇ ಕಣ್ಣ ಮುಂದೆ ಬರುತ್ತಿತ್ತು.

ಮುಂದಿನ ಎರಡು ದಿನ ಆ ಕೋಣೆಯಲ್ಲಿ ಟಿವಿ ಮಾತ್ರ ಮಾತಾಡಿತು. ಮೂರು ಗಂಟೆಯ ಆಚೀಚೆ ಸೂಪರ್‌ವೈಸರ್ ಅದೇ ಸ್ಪೀಕರ್‌ಗಳಲ್ಲಿ ಯಾವುದೋ ಮೆತ್ತನೆಯ ಕೊಳಲು ಹಾಕಿಸಿದ್ದರು. ಅದನ್ನು ಕೇಳುತ್ತ ಕೆಲಸ ಮಾಡಿದರೆ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ ಎಂದು ಮಿಲ್ಲಕ್ಕನಿಗೆ ಅನ್ನಿಸಿತು. ಆದರೆ ಯಾರಿಗೆ ಹೇಳುವುದು? ಯಾರೂ ಅವಳ ಮೇಜಿನ ಕಡೆ ತಿರುಗುತ್ತಿರಲಿಲ್ಲ. ಅಂಗಿಗಳು ಬುಟ್ಟಿಯಲ್ಲಿ ಬೆಟ್ಟವಾಗಿ ಬಿದ್ದಿದ್ದವು. ಕೊಳಲಿಗೆ ತಾಳ ಹಾಕಲು ಬಾರದೆ ಕೈಗಳು ಎಲ್ಲೆಲ್ಲೋ ನಿಂತುಬಿಡುತ್ತಿದ್ದವು. ಸೂಪರ್‌ವೈಸರ್ ಬುಟ್ಟಿ ನೋಡಿ, ಸ್ಪೀಕರ್ ನೋಡಿ, ಏನೂ ಅರ್ಥವಾಗದೆ ತಲೆ ಕೆರೆದುಕೊಂಡು ಹೋದರು.

ಶನಿವಾರ ಬಂತು. ಮೂರು ಹೊಡೆಯಿತು. ತ್ಯಾಗ, ತ್ಯಾಗ ಎಂದು ಮೂಗಿನ ಹಾಡು ಶುರುವಾಯಿತು. ಕೊನೆಯ ಕಂತಿಗೆ ಇಡೀ ಮನೆ ದೀಪ ಹಚ್ಚಿ ನಿಂತಿತ್ತು. ಎಲ್ಲರೂ ರೇಷ್ಮೆಯಲ್ಲಿ, ಬಾಗಿಲು ಬಾಗಿಲಲ್ಲಿ. ಹುಬ್ಬಿನವಳು ಮಾತ್ರ ಸಾದಾ ಸೀರೆಯಲ್ಲಿ, ಹುಬ್ಬು ಇಳಿಸಿಕೊಂಡು, ಎಲ್ಲರ ನಡುವಿನಿಂದ ಕಣ್ಣೀರಿನ ಕೊಡದ ಕಡೆ ನಡೆದು ಬರುತ್ತಿದ್ದಳು. ಮುಂದೇನೆಂದು ಗೊತ್ತಾಗಲು ತುಟಿ ಓದುವ ಅಗತ್ಯವಿರಲಿಲ್ಲ. ಆರು ವರ್ಷ ಎಲ್ಲರಿಗಿಂತ ಹೆಚ್ಚು ದುಡಿದವಳನ್ನು ಕೊನೆಯ ದಿನ ಕಾಲಿಗೆ ಬೀಳಿಸಲು ಹೊರಟಿದ್ದರು. ಮಿಲ್ಲಕ್ಕ ಇಸ್ತ್ರಿಪೆಟ್ಟಿಗೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ಟಿವಿಯನ್ನು ಆ ಗೋಡೆಯಿಂದ ಕಿತ್ತು ಒಗೆಯುವ ಯಂತ್ರಕ್ಕೆ ಹಾಕಿ ಎರಡು ಸಲ ತಿರುಗಿಸಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು ಅವಳಿಗೆ.

ಆಗ ಗುಂಡಿ ಎದ್ದಳು. ತುಟಿಯ ಸೂಜಿಯನ್ನು ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು. ತನ್ನ ಸ್ಟೂಲನ್ನು ಕೋಣೆಯ ಉದ್ದಕ್ಕೂ ಎಳೆದು ತಂದು ಟಿವಿಯ ಕೆಳಗೆ ಇಟ್ಟು, ಹತ್ತಿ ನಿಂತು, ಶಬ್ದ ಆರಿಸಿದಳು. ಢಣ್ ಅನ್ನುವುದು ಅರ್ಧಕ್ಕೇ ನಿಂತಿತು. ಕೆಳಗಿನ ಯಂತ್ರಗಳ ಗದ್ದಲ, ಆ ಹಳೆಯ ಗದ್ದಲ, ಕೋಣೆಯನ್ನು ಮತ್ತೆ ತುಂಬಿತು.

"ಯಾಕೇ?" ಎಂದಳು ಚಾದರದಜ್ಜಿ. "ಮತ್ತೆ ಸುಳ್ಳು ಕೇಳಬೇಕಾ ನಿಂಗೆ?"

"ಅಜ್ಜಿ, ಇದು ನಂಗೆ ಮೂರು ವರ್ಷದಿಂದ ಗೊತ್ತು," ಎಂದಳು ಗುಂಡಿ ಸ್ಟೂಲಿನ ಮೇಲಿಂದಲೇ. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನಮ್ಮತ್ತೆ ದಿನಾ ಮನೇಲಿ ಇದನ್ನ ಶಬ್ದ ಇಟ್ಕೊಂಡೇ ನೋಡ್ತಾರೆ. ಅವತ್ತು ನಾನು ಎಲ್ಲರ ಮುಂದೆ ಆ ಮಾತು ಆಡಿದೆನಲ್ಲ, ಅವರು ನಕ್ಕುಬಿಟ್ರು. ಇದು ಆ ಹಿರೀಸೊಸೆ ಮಾತಾ, ಅವಳು ಹಾಗೆ ಅಂದೇ ಇಲ್ವಲ್ಲ, ಮನೆ ಬೀದಿಗೆ ತರ್ತೀನಿ ಅಂದಳು ಅಂತ ಹೇಳಿದ್ರು. ಆಮೇಲೆ ನಾನೂ ಹೇಳಿದೆ. ಅವಳು ಅನ್ನದೇ ಇದ್ರೆ ಬಿಡಿ ಅತ್ತೆ, ನಾನಂತೂ ಅಂದಿದೀನಲ್ಲ ಅಂತ."

ಕೋಣೆಯಲ್ಲಿ ಯಾರೋ ಒಬ್ಬರು ನಕ್ಕರು.

"ಮೂರು ವರ್ಷದಿಂದ ಗೊತ್ತಿದ್ರೂ ಬಾಯಿ ಬಿಡಲಿಲ್ವಲ್ಲೇ," ಎಂದಳು ಮಿಲ್ಲಕ್ಕ. ಅವಳ ಗಂಟಲು ಅವಳದ್ದಾಗಿ ಕೇಳಿಸಲಿಲ್ಲ.

"ಬಿಟ್ಟಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ. ಸಂಜೆ ಮನೇಲಿ ಅತ್ತೆ ಹೇಳೋ ಕಥೆ, ಇಲ್ಲಿ ನಿಮ್ಮದು, ಎರಡೂ ಕೇಳ್ತಿದ್ದೆ. ನಿಮ್ಮದೇ ಚೆನ್ನಾಗಿತ್ತು." ಗುಂಡಿ ಟಿವಿಯ ಕಡೆ ಕೈ ತೋರಿಸಿದಳು. "ಈಗ ನಾನು ಮನೆಗೆ ಹೋಗಬೇಕು. ಐದೂ ಜನ ಕೂತಿರ್ತಾರೆ. ಮೂರು ಗಂಟೆಯದನ್ನ ನೋಡಿಯೇ ಕೂತಿರ್ತಾರೆ. ಹೇಳಿ ಅಕ್ಕ, ಅವಳು ಏನ್ ಮಾಡ್ತಿದಾಳೆ?"

ಏಳು ಮುಖಗಳು ಮಿಲ್ಲಕ್ಕನ ಕಡೆ ತಿರುಗಿದವು. ಪರದೆಯ ಮೇಲೆ ಹುಬ್ಬಿನವಳು ಕಣ್ಣೀರಿನ ಕೊಡದ ಎದುರು ಮಂಡಿಯೂರಿ ಬಗ್ಗುತ್ತಿದ್ದಳು. ಈ ಸಲ ಬೆನ್ನು ಇರಲಿಲ್ಲ. ಮುಖ ನೇರವಾಗಿ ಕ್ಯಾಮೆರಾದ ಕಡೆಗಿತ್ತು, ಕ್ಷಮಿಸು, ಕ್ಷಮಿಸು ಎಂದು ತುಟಿಗಳು ಆಡುತ್ತಿದ್ದದ್ದು ಎಳೆ ಮಗುವಿಗೂ ತಿಳಿಯುವಂತಿತ್ತು. ಮಿಲ್ಲಕ್ಕ ಆ ತುಟಿಗಳನ್ನು ಪೂರಾ ಓದಿದಳು. ಓದಿ, ಬದಿಗಿಟ್ಟಳು.

"ಕೀಲಿ ಬಿದ್ದಿದೆ," ಎಂದಳು. ಮಿಲ್ಲಿನ ಗಂಟಲು ಮರಳಿ ಬಂದಿತ್ತು. "ಅಂಗಡಿ ಕೀಲಿ. ಎತ್ಕೊಳ್ತಿದಾಳೆ."

"ಎಲ್ಲಿ? ಕಾಣಿಸ್ತಿಲ್ಲ," ಎಂದಳು ಚಾದರದಜ್ಜಿ.

"ಕಣ್ಣೀರಿನ ಕೊಡದ ಕಾಲ ಕೆಳಗೆ. ಮೆಟ್ಕೊಂಡಿದಾಳೆ ನೋಡಿ. ಕಾಲು ತೆಗೀ ಅಂತ ಹೇಳ್ತಿದಾಳೆ. ತೆಗೆಯೋ ತನಕ ಬಗ್ಗಿಕೊಂಡೇ ಇರ್ತಾಳೆ, ಬಿಡಲ್ಲ."

ಕಣ್ಣೀರಿನ ಕೊಡ ಎಂದಿನಂತೆ ಅತ್ತಳು, ಒಂದು ಹೆಜ್ಜೆ ಹಿಂದೆ ಸರಿದಳು. ಬಗ್ಗಿದವಳ ಕೈ ನೆಲ ಮುಟ್ಟಿತು. ಅವಳು ಎದ್ದು ನಿಂತಾಗ ಬೆರಳುಗಳು ಮಡಚಿದ್ದವು, ಮುಷ್ಟಿಯಲ್ಲಿ ಏನಿತ್ತೋ ಏನಿರಲಿಲ್ಲವೋ ಆ ಟಿವಿಯಲ್ಲಿ ಕಾಣುವಂತಿರಲಿಲ್ಲ. ಗುಂಡಿ ಸ್ಟೂಲಿನ ಮೇಲೆಯೇ ನಿಂತಿದ್ದಳು, ಅವಳ ಕೈಯೂ ಕೊರಳಿನ ಕತ್ತರಿಯ ಸುತ್ತ ಮುಚ್ಚಿಕೊಂಡಿತ್ತು.

ಚಾದರದಜ್ಜಿ ತನ್ನ ಚಾದರದ ಒಂದು ತುದಿಯನ್ನು ಎಳೆದು ನೇರ ಮಾಡಿದಳು. ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ಟಿವಿಯ ಕಡೆ ನೋಡದೆ ಕೇಳಿದಳು.

"ಸಿಕ್ತಾ?"

"ಸಿಕ್ತು," ಎಂದಳು ಮಿಲ್ಲಕ್ಕ. "ನಾಳೆ ಬೆಳಿಗ್ಗೆ ಅಂಗಡಿ ತೆಗೀತಾಳೆ."